ಒಂದು ಗೇಣು ಕಡಿಮೆ

೧೫ ಜೂನ್ ೧೯೮೧, ಸೋಮವಾರ. ಇಳಕಲ್ಲು, ಬೆಳಿಗ್ಗೆ ಏಳು

ರೊಟ್ಟಿ ನಾಲ್ಕು ಬಡಿದೆ. ಒಬ್ಬಳಿಗೆ ಎರಡು ಸಾಕು. ಕೈಗೆ ಇನ್ನೂ ತಿಳಿದಿಲ್ಲ, ಇಬ್ಬರ ಲೆಕ್ಕಕ್ಕೇ ಬಡಿಯುತ್ತದೆ. ನಮ್ಮ ಯಜಮಾನರು ಹೋಗಿ ಹದಿನಾರು ತಿಂಗಳಾಯಿತು. ಸುದ್ದಿ ಕೈಯವರೆಗೆ ಮುಟ್ಟಿಲ್ಲ. ಅನ್ನ ಚೆಲ್ಲುವ ಮನೆತನ ನಮ್ಮದಲ್ಲ. ನನ್ನ ಪಾಲು ತಿಂದೆ. ಆಮೇಲೆ ಅವರ ಪಾಲು ತಿಂದೆ. ಶೇಂಗಾ ಚಟ್ನಿ, ಮೊಸರು ಸಮೇತ. ರುಚಿ ಗೊತ್ತಾಗಲಿಲ್ಲ. ತಿಂದದ್ದು ಗೊತ್ತು, ತಾಟು ಖಾಲಿ ಇತ್ತು.

ಇವತ್ತು ಶಾಲೆ ಶುರು. ಏಳನೆಯ ಇಯತ್ತೆಯ ಹುಡುಗಿಯರಿಗೆ ತ್ರೈರಾಶಿ. ಬೋರ್ಡಿನ ಮೇಲ್ತುದಿಗೆ ಕೈ ಚಾಚಬೇಕು. ಚಾಚಿದರೆ ಹೊಕ್ಕಳ ಪಕ್ಕದ ಗಂಟು ಹೊರಗೆ ಇಣುಕುತ್ತದೆ. ಮೊದಲು ನಿಂಬೆಹಣ್ಣಿನಷ್ಟಿತ್ತು. ಈಗ ಮೋಸಂಬಿ. ಪ್ರಗತಿ. ಬೆರಳಿಂದ ಒತ್ತಿದೆ, ಒಳಗೆ ಹೋಯಿತು. ಸೆರಗು ಹೊದ್ದೆ.

೨೦ ಜೂನ್, ಶನಿವಾರ

ಬಾಗಲಕೋಟೆಯ ಸರ್ಜನ್ ಹತ್ತಿರ ಹೋಗಿ ಬಂದೆ. ಹೋಗಿ ಬಂದೆ ಎಂದರೆ ಎಳೆಸಿಕೊಂಡು ಹೋದೆ. ಎಳೆದವಳು ಗುರುಲಿಂಗವ್ವ, ನಮ್ಮವರ ಅಕ್ಕ, ಎದುರು ಮನೆ. ಎಪ್ಪತ್ತು ವರ್ಷ, ನಲವತ್ತು ಕಿಲೋ, ಅದರಲ್ಲಿ ಅರ್ಧ ನಾಲಗೆ.

ಬಸ್ಸು ಹುನಗುಂದ ದಾಟಿ ಅಮೀನಗಡದಲ್ಲಿ ನಿಂತಿತು. ಕಿಟಕಿಗೆ ಕರದಂಟು ಬಂತು. ತೂಕ ಕೇಳುವ ಡಾಕ್ಟರ ದಾರಿಯಲ್ಲಿ ಕರದಂಟಿನ ಊರು ಇಟ್ಟ ದೇವರು ಗಂಭೀರ ಮನುಷ್ಯನಲ್ಲ. ಪಾವು ಕಿಲೋ ತೆಗೆದುಕೊಂಡೆ. ಬಾಗಲಕೋಟೆ ಬರುವಷ್ಟರಲ್ಲಿ ಕಾಗದ ಉಳಿದಿತ್ತು.

ಡಾಕ್ಟರ್ ರಾಚಯ್ಯನವರು. ಸಣ್ಣ ವಯಸ್ಸು, ಹಣೆಯ ಮೇಲೆ ದಪ್ಪ ವಿಭೂತಿ. ಕಾಟಾದ ಮೇಲೆ ನಿಲ್ಲಿಸಿದರು. ಮುಳ್ಳು ನೂರಾ ನಾಲ್ಕಕ್ಕೆ ಹೋಗಿ ನಿಂತಿತು.

"ಅಕ್ಕಾರ, ಇದು ಹರ್ನಿಯಾ. ಹೊಲಿದ ಬಿಡಬಹುದು. ಆದ್ರ ಇಷ್ಟು ಕೊಬ್ಬಿನಾಗ ಹೊಲಿಗಿ ನಿಲ್ಲಂಗಿಲ್ಲ. ಮದ್ದು ಕೊಟ್ಟು ಮಲಗಸೂದೂ ಜೀವಕ್ಕ ಧೋಕಾ. ಮದಲ ವಜನ ಇಳಸ್ರಿ, ಆಮ್ಯಾಲ ಆಪರೇಶನ್."

"ಎಷ್ಟಕ್ಕ ಇಳಸ್ಬೇಕ್ರಿ?"

ಗೋಡೆಯ ಮೇಲಿನ ತಖ್ತೆ ತೋರಿಸಿದರು. ಎತ್ತರ ಒಂದು ಕಡೆ, ತೂಕ ಒಂದು ಕಡೆ. "ಐದು ಫೂಟಿಗೆ ಐವತ್ನಾಲ್ಕು ಅಂತೈತಿ."

"ಐವತ್ನಾಲ್ಕು ನಾ ಮದುವ್ಯಾಗೂ ಇದ್ದಿಲ್ರಿ. ಐವತ್ತಾರು ಇದ್ದೆ."

"ಖರೆರಿ," ಎಂದಳು ಗುರುಲಿಂಗವ್ವ. "ಅಕ್ಕಿಕಾಳ ಒಗಿಯೂ ಮುಂದ ನಾನ ಹಿಂದ ನಿಂತಿದ್ದೆ. ಈಕಿ ನಿಂತ ಕಟಗಿ ಮಣಿ ಕಿರ್ ಅಂದಿತ್ತು."

ನಾನು ಬಿಡಲಿಲ್ಲ. ನೇಕಾರರ ಮನೆಯವಳು, ನನ್ನ ಹತ್ತಿರ ಪುರಾವೆ ಇದೆ. "ನಾ ಅಷ್ಟೇನ ದಪ್ಪ ಆಗಿಲ್ರಿ. ಹದಿನಾರು ಮೊಳದ ಸೀರಿ. ಮದುವ್ಯಾಗ ಆರು ನಿರಿಗಿ ಬರ್ತಿದ್ವು. ಈಗೂ ಆರ ಬರ್ತಾವ."

(ಇತ್ತೀಚೆಗೆ ಐದೂವರೆ. ಒಗೆದು ಒಗೆದು ಸೀರೆ ಕುಗ್ಗಿದೆ.)

"ಹಂಗಾರ ನಮ್ಮ ಕಾಟಾ ಸುಳ್ಳ ಹೇಳ್ತೈತೇನ್ರಿ?"

"ಕಾಟಾ ನಿಮ್ದು. ಸೀರಿ ನಮ್ದು."

ಡಾಕ್ಟರು ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. "ತಖ್ತೆ ಬಿಡ್ರಿ. ನೀವ ಒಂದು ಅಂಕಿ ಹೇಳ್ರಿ. ನನಗ ಖುಷಿ ಆಗ್ಲಿ ಅಂತ ಹೇಳೂ ಅಂಕಿ ಬ್ಯಾಡ. ನಿಮ್ಮ ಕೈಲೆ ಆಗೂ ಅಂಕಿ. ಆ ಅಂಕಿಗಿ ಬಂದ ದಿನಾ ನಾ ಚಾಕು ಹಿಡೀತೀನಿ. ಅಷ್ಟರಾಗ ಗಂಟು ಹೊರಗ ಸಿಕ್ಕೊಂಡು ಒಳಗ ಹೋಗ್ಲಿಲ್ಲಂದ್ರ, ವಾಂತಿ ಆದ್ರ, ಆವಾಗ ಅಂಕಿ ಗಿಂಕಿ ಏನಿಲ್ಲ, ಓಡಿ ಬರ್ರಿ. ಆದ್ರ ಆವಾಗ ನಾ ಖಾತ್ರಿ ಕೊಡಂಗಿಲ್ಲ."

ಅಂಕಿ ಹೇಳಲಾಗಲಿಲ್ಲ. ಗಣಿತ ಕಲಿಸುವ ಅಕ್ಕೋರು. ಇಪ್ಪತ್ತೆರಡು ವರ್ಷದ ಸರ್ವಿಸು.

ವಾಪಸು ಬರುವಾಗ ನೆನಪಾಯಿತು. ಒಂದೂವರೆ ವರ್ಷದ ಹಿಂದೆ ಹುನಗುಂದದ ದವಾಖಾನೆಯಲ್ಲೂ ಇದೇ ನಿರಿಗೆಯ ವಾದ ಹೂಡಿದ್ದೆ. ಆಗ ತೂಕ ನೂರು. ನಮ್ಮವರು ಪಕ್ಕದಲ್ಲೇ ಇದ್ದರು. ಟೊಪ್ಪಿಗೆ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದರು. ಮಗ್ಗ ಅವರದು, ಸೀರೆ ಅವರದು, ಒಂದು ಸಾಕ್ಷಿ ಹೇಳಬಹುದಿತ್ತು. ಐವತ್ತೆರಡು ಕಿಲೋ ಮನುಷ್ಯ ಅವರು. ತಖ್ತೆಯ ಪ್ರಕಾರ ಪೂರ್ತಿ ಆರೋಗ್ಯವಂತ. ಮೂರು ತಿಂಗಳಲ್ಲಿ ಎದೆನೋವು ಎಂದು ಕೂತವರು ಏಳಲಿಲ್ಲ. ನಾನು ತಖ್ತೆಯಿಂದ ಹೊರಗೆ ಬಿದ್ದವಳು, ಇದ್ದೇನೆ.

೨೧ ಜೂನ್

ಅಂಕಿ ನಿರ್ಧರಿಸಿದೆ: ೫೪. ತಖ್ತೆಯಲ್ಲಿದೆಯಲ್ಲ, ಅದೇ ಇರಲಿ. ಬೇಡುವವಳು ಪೂರ್ತಿ ಬೇಡಬೇಕು.

ಪ್ರತಿಜ್ಞೆ. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ. ಮಧ್ಯಾಹ್ನ ಸೌತೆಕಾಯಿ. ಸಂಜೆ ಶಿವಧ್ಯಾನ.

೨೮ ಜೂನ್

ವಾರಕ್ಕೊಮ್ಮೆ ಬಾಗಲಕೋಟೆಗೆ ಹೋಗುವುದು ಆಗದ ಮಾತು. ಊರಲ್ಲೇ ತೂಗಿಸಿಕೊಂಡೆ, ನಬಿಸಾಬನ ನೂಲಿನ ಅಂಗಡಿಯಲ್ಲಿ. ನೂಲಿನ ಗಂಟು ತೂಗುವ ದೊಡ್ಡ ತಕ್ಕಡಿ. ಒಂದು ಪರಡಿಯಲ್ಲಿ ನಾನು, ತುಲಾಭಾರಕ್ಕೆ ಕೂತ ಸ್ವಾಮಿಗಳಂತೆ. ಇನ್ನೊಂದರಲ್ಲಿ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲುಗಳು. ಆತ ಒಂದೊಂದಾಗಿ ಇಟ್ಟ. "ಲಾಭ... ಎರಡು... ಮೂರು..."

ಇಲ್ಲಿ ಯಾರೂ ಎಣಿಕೆಯನ್ನು ಒಂದರಿಂದ ಶುರು ಮಾಡುವುದಿಲ್ಲ. ಮೊದಲನೆಯದು ಯಾವಾಗಲೂ ಲಾಭ. ನಮ್ಮವರೂ ಹಾಗೇ. ಸೀರೆಯ ಗಂಟು ಎಣಿಸುವಾಗ ಲಾಭ. ನಾನು ಹೊಸ ಸೀರೆ ಉಟ್ಟ ದಿನ ಪಡಸಾಲೆಯ ಬಾಗಿಲಿಗೆ ಆತು ನಿಂತು ನನ್ನ ನಿರಿಗೆ ಎಣಿಸುವಾಗಲೂ ಲಾಭ. ಆರಕ್ಕೆ ಬಂದು ತಲೆಯಾಡಿಸಿ ಮಗ್ಗದ ಕೋಣೆಗೆ ಹೋಗುತ್ತಿದ್ದರು. ಪ್ರೀತಿ ಪ್ರೇಮ ಎಂದು ನಮ್ಮಲ್ಲಿ ಇದ್ದದ್ದು ಅಷ್ಟೇ.

ನೂರಾ ಎರಡು. ವಾರಕ್ಕೆ ಎರಡು ಕಿಲೋ ಹೋಯಿತು. ಈ ಲೆಕ್ಕಕ್ಕೆ ಡಿಸೆಂಬರ್ ಮುಗಿಯುವಷ್ಟರಲ್ಲಿ ತಖ್ತೆಯೊಳಗೆ ಇರುತ್ತೇನೆ. ಅಲ್ಲಿಗೂ ನಿಲ್ಲಿಸದಿದ್ದರೆ ಮುಂದಿನ ಜೂನಿಗೆ ಸೊನ್ನೆ.

೯ ಜುಲೈ

ತರಗತಿಯಲ್ಲಿ ಬಿದ್ದೆ. "ಎಂಟು ಆಳು ಹನ್ನೆರಡು ದಿನದಲ್ಲಿ" ಎನ್ನುವವರೆಗೆ ನೆನಪಿದೆ. ಕಣ್ಣು ಬಿಟ್ಟಾಗ ಆರು ಹುಡುಗಿಯರು ನನ್ನನ್ನು ಎತ್ತಲು ನೋಡುತ್ತಿದ್ದರು. ಎಷ್ಟು ಆಳು ಬೇಕು ಎಂಬ ಲೆಕ್ಕ ಅಲ್ಲೇ ತಯಾರಿತ್ತು.

ಗುರುಲಿಂಗವ್ವ ಬೆಲ್ಲದ ನೀರು ಕುಡಿಸಿದಳು. "ಸೌತಿಕಾಯಿ ತಿಂದು ಆನಿ ಬದುಕ್ತೈತೇನ? ಹಸದು ಹಸದು ಸಾಯ್ತೀಯೇನ ಬಸವ್ವಾ?"

ಹಸಿವಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ, ಹೇಳಿದರೆ ತಿಳಿಯುವುದಿಲ್ಲ. ನಾಲ್ಕು ರೊಟ್ಟಿ ತಿನ್ನುವಾಗಲೂ ಹಸಿವಿರುವುದಿಲ್ಲ. ತಿನ್ನದಿದ್ದಾಗಲೂ ಇರುವುದಿಲ್ಲ. ಅವರು ಹೋದಾಗಿನಿಂದ ಹೊಟ್ಟೆ ಕೂಗುವುದನ್ನೇ ಮರೆತಿದೆ. ಗಂಟೆ ನೋಡಿ ತಿನ್ನುತ್ತೇನೆ. ಗಂಟೆ ನೋಡಿ ಬಿಡುತ್ತೇನೆ.

೨೬ ಜುಲೈ

ಪ್ರತಿಜ್ಞೆ ಬರಖಾಸ್ತು. ನಬಿಸಾಬನ ತಕ್ಕಡಿ: ನೂರಾ ಐದು. ಹೋದ ಎರಡು ಕಿಲೋ ವಾಪಸು ಬಂದಿವೆ, ಜೊತೆಗೆ ಇನ್ನೊಂದನ್ನು ಕರೆದುಕೊಂಡು. "ಇರ್ಲಿ ಬಿಡ್ರಿ ಅಕ್ಕಾರ, ನೂಲೂ ಮಳಿಗಾಲದಾಗ ಭಾರ ಆಗ್ತೈತಿ," ಎಂದ ನಬಿಸಾಬ. ಒಳ್ಳೆಯ ಮನುಷ್ಯ.

೬ ಆಗಸ್ಟ್. ಚೊಳಚಗುಡ್ಡ, ತವರುಮನೆ

ಪಂಚಮಿ. ಉಂಡಿಗಳ ಹಬ್ಬ. ಎಳ್ಳಿನುಂಡಿ, ಶೇಂಗಾ ಉಂಡಿ, ಬೇಸನ್ ಉಂಡಿ. ಎಲ್ಲಕ್ಕೂ ನ್ಯಾಯ ಒದಗಿಸಿದೆ. ಜೋಕಾಲಿ ಆಡಲು ಕರೆದರು. ಬೇವಿನ ಮರ ಮುದುಕ, ಬೇಡ ಎಂದೆ.

ತಮ್ಮ ಪಂಚಮಿ ಸೀರೆ ಕೊಟ್ಟ. ಬಾದಾಮಿಯ ಅಂಗಡಿಯಲ್ಲಿ ಕೊಂಡ ಇಳಕಲ್ ಸೀರೆ. ಮದುವೆಯಾದ ಮೇಲೆ ಹೊರಗಿನ ಸೀರೆ ಉಟ್ಟವಳಲ್ಲ. ವರ್ಷ ವರ್ಷ ಮನೆಯ ಮಗ್ಗದ್ದೇ. ನೇಕಾರನ ಹೆಂಡತಿಗೆ ಅಂಗಡಿಯ ಸೀರೆ ಕೊಡುವ ಧೈರ್ಯ ತವರಿನವರಿಗೂ ಇರಲಿಲ್ಲ. ಈಗ ಬಂದಿದೆ.

ಒಳಗೆ ಹೋಗಿ ಉಟ್ಟೆ. ನಿರಿಗೆ ಎರಡೇ ಬಂದವು. ಸೆರಗು ಹೆಗಲ ಮೇಲೆ ಹತ್ತಿ ಅಲ್ಲೇ ಕೂತಿತು, ಬೆನ್ನಿಗೆ ಇಳಿಯಲಿಲ್ಲ.

ಹೊರಗೆ ಬಂದು ಕೂಗಾಡಿದೆ. "ಹದಿನಾರು ಮೊಳ ಅಂದು ಹದಿನಾಲ್ಕು ಕೊಟ್ಟಾನ ಆ ಅಂಗಡಿಯಾಂವ! ಕಳ್ಳ!"

"ಅಕ್ಕಾ, ಸಾವಕಾಶ," ಎಂದ ತಮ್ಮ. "ಸೀರಿ ನಿಮ್ಮ ಇಳಕಲ್ಲಿಂದ ಬಂದೈತಿ. ನಿಮ್ಮೂರವರ್ನ ನೀನ ಕಳ್ಳರು ಅಂದಂಗಾತು."

"ಕಳ್ಳರು ಎಲ್ಲಾ ಊರಾಗ ಅದಾರ. ನಾ ಅಳಸ್ತೇನಿ. ಮೊಳಾ ಕಮ್ಮಿ ಬಂದ್ರ ಅವನ ಅಂಗಡಿ ಮುಂದ ಬಂದು ಕುಂಡ್ರತೇನಿ."

ತಮ್ಮನ ಹೆಂಡತಿ ಒಳಗೆ ಹೋಗಿ ನಕ್ಕಳು. ಗೋಡೆ ತೆಳು.

೯ ಆಗಸ್ಟ್, ಭಾನುವಾರ. ಇಳಕಲ್ಲು

ಹಿತ್ತಲಿಗೆ ಹೋಗಿ ಮುರ್ತುಜಸಾಬನನ್ನು ಕೂಗಿದೆ. ನಮ್ಮ ಮಗ್ಗದಲ್ಲಿ ಇಪ್ಪತ್ತೈದು ವರ್ಷದಿಂದ ನೇಯುವವನು. ಅವರು ಹೋದ ಮೇಲೆ ಮಗ್ಗಗಳನ್ನು ಅವನೇ ನಡೆಸುತ್ತಾನೆ. ಆ ಕೋಣೆಗೆ ನಾನು ಕಾಲಿಟ್ಟಿಲ್ಲ. ಸದ್ದು ಕೇಳಿಸುತ್ತದೆ, ಸಾಕು.

ಹೊಸ್ತಿಲ ಮೇಲೆ ಕೂತು ಬಾದಾಮಿಯ ಸೀರೆ ಅಳೆದ. ಕೋಲು ಮಗುಚಿ ಮಗುಚಿ ಇಟ್ಟ. "ಸರಿ ಐತ್ರಿ. ಹದಿನಾರ ಮೊಳ. ನಾಕು ಬೆರಳು ಹೆಚ್ಚ ಐತಿ."

"ಹಂಗಾರ ಎರಡ ನಿರಿಗಿ ಯಾಕ ಬಂದ್ವು?"

ಆತ ಸೀರೆ ಮಡಚತೊಡಗಿದ.

ಒಳಗೆ ಹೋಗಿ ನನ್ನ ಸೀರೆ ತಂದೆ. ಎಪ್ಪತ್ತೊಂಬತ್ತರ ದೀಪಾವಳಿಗೆ ಅವರು ಕೊಟ್ಟದ್ದು, ಕೊನೆಯದು. "ಇದನ್ನ ಅಳಿ."

"ಬ್ಯಾಡ ಬಿಡ್ರಿ ಅಕ್ಕಾರ. ಉಟ್ಟ ಸೀರಿ ಏನ ಅಳಿಯೂದು."

"ಅಳಿ ಅಂದೆ."

ಅಳೆದ. ಕೊನೆಯಲ್ಲಿ ಕೋಲನ್ನು ನೆಲಕ್ಕಿಟ್ಟು ಅದನ್ನೇ ನೋಡುತ್ತ ಹೇಳಿದ: "ಹದಿನೆಂಟು."

ಎರಡು ಮೊಳ ಹೆಚ್ಚು. ನಾಲ್ಕು ಗೇಣು.

"ಒಮ್ಮಿಗೇ ಅಲ್ರಿ," ಎಂದ. "ನಾಕೈದು ವರ್ಷಕ್ಕೊಮ್ಮೆ ಒಂದೊಂದು ಗೇಣು. ಹಾಸು ಹಾಕೂ ಮುಂದನ ಹೇಳ್ತಿದ್ರು. 'ಒಂದು ಗೇಣು ಹೆಚ್ಚಿಗಿ ಇಡು ಮುರ್ತುಜಾ. ಆಕಿಗಿ ನಿರಿಗಿ ಆರ ಬರ್ಬೇಕು. ಬಾಯಿ ಬಿಟ್ಟೀಯಂದ್ರ ನಿನ್ನ ಲಾಳಿ ಒಲಿಗಿ ಹಾಕ್ತೀನಿ.'"

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ನೇಯುವ ಮೊದಲೇ ಉದ್ದ ತೀರ್ಮಾನವಾಗಬೇಕು. ನೇಯುತ್ತ ನೇಯುತ್ತ ಕೈತಪ್ಪಿ ಹೆಚ್ಚಾಯಿತು ಎನ್ನುವ ಹಾಗಿಲ್ಲ. ಪ್ರತಿ ಸಲ ಕೂತು, ನನ್ನ ಸೊಂಟ ನೆನೆದು, ಯೋಚಿಸಿ ಮಾಡಿದ ಕೆಲಸ.

ಸೀರೆ ಮಡಚಿ ಒಳಗಿಟ್ಟೆ. ಬೇರೇನೂ ಅನಿಸಲಿಲ್ಲ. ಮಧ್ಯಾಹ್ನ ಝುಣಕ ಮಾಡಿದೆ.

೧೦ ಆಗಸ್ಟ್

ಆರೋಪಿ: ಅಂದಪ್ಪ, ಮಗ್ಗದ ಮಾಲೀಕ. ಆರೋಪ: ಕಟ್ಟಿಕೊಂಡ ಹೆಂಡತಿಯನ್ನು ಇಪ್ಪತ್ತು ವರ್ಷ ಗೇಣು ಗೇಣಾಗಿ ಮೋಸ ಮಾಡಿದ್ದು. ಆಕೆ ಇಡೀ ಊರಿಗೆ, ಇಬ್ಬರು ಡಾಕ್ಟರಿಗೆ, ಶಾಲೆಯ ಇನ್ಸ್‌ಪೆಕ್ಟರಿಗೂ ಆರು ನಿರಿಗೆಯ ಜಂಬ ಕೊಚ್ಚುವಂತೆ ಮಾಡಿದ್ದು. ಹುನಗುಂದದಲ್ಲಿ ನೆಲ ನೋಡಿದ್ದು. ಸಾಕ್ಷಿ: ಹದಿನೆಂಟು ಮೊಳ. ಆರೋಪಿ ಗೈರುಹಾಜರು.

ಕೇಸು ಮುಂದಕ್ಕೆ.

೨೩ ಆಗಸ್ಟ್, ಭಾನುವಾರ. ಸಂಜೆ

ಗಂಟು ಸಿಕ್ಕಿಕೊಂಡಿತು.

ನೀರಿನ ಕೊಡ ಎತ್ತಿದೆ, ಹೊರಗೆ ಬಂತು. ಒತ್ತಿದೆ, ಹೋಗಲಿಲ್ಲ. ಕಲ್ಲಿನ ಹಾಗೆ. ಒಂದು ಸಲ ವಾಂತಿ. ಗುರುಲಿಂಗವ್ವ ಓಡಿ ಬಂದು ಮಲಗಿಸಿ, ಕಾಲಡಿ ಮೂರು ತಲೆದಿಂಬು ಒಟ್ಟಿ, ಹಸಿ ಬಟ್ಟೆ ಹಾಕಿದಳು. ಭಾನುವಾರ, ಬಾಗಲಕೋಟೆಯ ಬಸ್ಸು ಹೋಗಿಯಾಗಿತ್ತು. ಜೀಪು ಹುಡುಕಲು ಮುರ್ತುಜಸಾಬ ಓಡಿದ.

ನಾನು ಜಂತೆ ನೋಡುತ್ತ ಮಲಗಿದ್ದೆ. ಹೆದರಿಕೆಯಾಗಲಿಲ್ಲ. ಹೆದರಿಕೆಯಾಗುತ್ತಿಲ್ಲವಲ್ಲ ಎಂದು ಸ್ವಲ್ಪ ಹೆದರಿಕೆಯಾಯಿತು.

ಗುರುಲಿಂಗವ್ವ ಹೊಟ್ಟೆ ನೀವುತ್ತ ಅಳುತ್ತ ಬೈಯುತ್ತಿದ್ದಳು. "ತಮ್ಮಗ ಮಣ್ಣ ಕೊಟ್ಟೇನಿ, ಇನ್ನ ನಿನಗೂ ಕೊಡ್ಲೇನು? ನಮ್ಮದರಾಗ ಕುಂಡರಿಸಿ ಮಣ್ಣ ಕೊಡೂದು. ನಿನ್ನ ಕುಂಡರಿಸ್ಬೇಕಂದ್ರ ಕುಣಿ ಎಷ್ಟ ಅಗಲ ತೋಡಸ್ಬೇಕು? ಯಾರ ತೋಡ್ತಾರ? ಒಳಗ ಹೋಗ, ನಿನ್ನ ಹೆಣಾ ಎತ್ಲಿ, ಹೋಗ ಒಳಗ!" ಕೊನೆಯದು ಗಂಟಿಗೆ ಹೇಳಿದ್ದು.

ಗಂಟು ಗೊಳಕ್ ಎಂದು ಒಳಗೆ ಹೋಯಿತು. ಊರಲ್ಲಿ ಅವಳ ಮಾತು ಮೀರಿದವರಿಲ್ಲ.

ಜೀಪು ಬಂತು. ವಾಪಸು ಕಳಿಸಿದೆವು.

೨೪ ಆಗಸ್ಟ್

ಶಾಲೆಗೆ ರಜೆ ಹಾಕಿದೆ. ಮಗ್ಗದ ಕೋಣೆಗೆ ಹೋದೆ. ಯಾಕೆ ಹೋದೆನೋ. ಹದಿನೆಂಟು ತಿಂಗಳಾಗಿತ್ತು. ಅವರು ಕೂರುತ್ತಿದ್ದ ಗೋಡೆಯಲ್ಲಿ ಬೆನ್ನಿನ ಎಣ್ಣೆಯ ಕಲೆ ಹಾಗೇ ಇದೆ. ಸಣ್ಣ ಕಲೆ. ಐವತ್ತೆರಡು ಕಿಲೋದ ಕಲೆ.

ಮುರ್ತುಜಸಾಬ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ನಿಂತ. ಏನು ಕೇಳಬೇಕೆಂದು ಗೊತ್ತಾಗಲಿಲ್ಲ, "ಇನ್ನೇನರ ಮುಚ್ಚಿಟ್ಟೀಯೇನು?" ಎಂದೆ.

ಆತ ತಲೆ ಕೆರೆದುಕೊಂಡು, ಏಣಿ ಹತ್ತಿ, ತೊಲೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಗಂಟು ಇಳಿಸಿದ. ಬಿಚ್ಚಿದ. ಗಿಳಿಹಸಿರು ಎಳೆಗಳು, ಜೊತೆಗೆ ಸೆರಗಿನ ಕೆಂಪು ರೇಷ್ಮೆ ಬೇರೆಯಾಗಿ ಸುತ್ತಿತ್ತು. ನೇಯದೆ ಉಳಿದ ಹಾಸು.

"ನಿಮ್ದ ಐತ್ರಿ. ಎಂಬತ್ತರ ಯುಗಾದಿಗಂತ ಹಾಕಸಿದ್ರು. ಅಷ್ಟರಾಗ ಅವರು... ನೀವು ಈ ಕಡೆ ಬರ್ಲೇ ಇಲ್ಲ. ನೇಯ್ಲೋ ಬ್ಯಾಡೋ, ಯಾರ್ನ ಕೇಳ್ಲಿ?"

"ಎಷ್ಟು ಮೊಳ? ಹತ್ತೊಂಬತ್ತೇನು?"

"ಇಲ್ರಿ. ಹದಿನೇಳೂವರಿ."

ಒಂದು ಗೇಣು ಕಡಿಮೆ.

"ಹುನಗುಂದದ ದವಾಖಾನಿಗಿ ಹೋಗಿ ಬಂದ್ರೆಲಾ, ಅದರ ಮುಂದಿನ ವಾರ ಹಾಕಸಿದ್ರು. 'ಡಾಕ್ಟರ್ ವಜನ ಇಳಸು ಅಂದಾರ, ಇಳಸಿದ್ರಷ್ಟ ಆಪರೇಶನ್' ಅಂದ್ರು. ನಾ ಅಂದೆ, ಹಂಗಾರ ಹದಿನಾರಕ್ಕ ಹಾಕೂಣೇನ್ರಿ ಯಜಮಾನ್ರ? ನಕ್ರು. 'ಲೇ ಮುರ್ತುಜಾ, ಹದಿನಾರು ಅನ್ನಾಕ ನಾ ಡಾಕ್ಟರ್ ಅಲ್ಲಲೇ, ಆಕಿ ಗಂಡ. ಒಂದು ಗೇಣು ವಾಪಸ್ ತಗೋ. ಅಷ್ಟು ಆಕಿ ಕೈಲೆ ಆಗ್ತೈತಿ.'"

ನಾನು ಎಳೆ ಮುಟ್ಟಿದೆ. ಗಂಜಿ ಹಾಕಿದ ಎಳೆ, ಬಿರುಸಾಗಿತ್ತು.

"ನೇಯಿ," ಎಂದೆ.

"ಎಷ್ಟ ದಿನದಾಗ ಬೇಕ್ರಿ?"

"ಅವಸರ ಇಲ್ಲ. ನನಗ ಇನ್ನೂ ಆಗಂಗಿಲ್ಲ ಅದು."

೩೦ ಆಗಸ್ಟ್

ತ್ರೈರಾಶಿ.

ಮದುವೆಯಲ್ಲಿ ಹದಿನಾರು ಮೊಳ, ಐವತ್ತಾರು ಕಿಲೋ. ಎಪ್ಪತ್ತೊಂಬತ್ತರಲ್ಲಿ ನಾಲ್ಕು ಗೇಣು ಹೆಚ್ಚು, ನೂರು ಕಿಲೋ. ನಾಲ್ಕು ಗೇಣಿಗೆ ನಲವತ್ನಾಲ್ಕು ಕಿಲೋ ಆದರೆ ಒಂದು ಗೇಣಿಗೆ ಎಷ್ಟು? ಹನ್ನೊಂದು. ನೂರರಲ್ಲಿ ಹನ್ನೊಂದು ಕಳೆ.

೮೯.

ಎರಡು ಸಲ ಮಾಡಿ ನೋಡಿದೆ. ಹುಡುಗಿಯರು ಮಾಡಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದೆ.

೫ ಸೆಪ್ಟೆಂಬರ್. ಬಾಗಲಕೋಟೆ

ಅಮೀನಗಡದಲ್ಲಿ ಕಣ್ಣು ಮುಚ್ಚಿ ಕೂತೆ. ಮೂಗು ಮುಚ್ಚಲು ಮರೆತೆ. ಅರ್ಧ ಪಾವು ಕಿಲೋ. ಅರ್ಧ ಗುರುಲಿಂಗವ್ವನಿಗೆ ಕೊಟ್ಟೆ. ಇದನ್ನು ಸುಧಾರಣೆ ಎನ್ನುತ್ತಾರೆ.

"ಎಂಬತ್ತೊಂಬತ್ತು," ಎಂದೆ ಡಾಕ್ಟರಿಗೆ.

ಪೆನ್ನು ನಿಂತಿತು. "ಮಂದಿ ಎಪ್ಪತ್ತಂತಾರ, ಎಂಬತ್ತಂತಾರ. ಈ ಎಂಬತ್ತೊಂಬತ್ತು ಎಲ್ಲಿಂದ ಬಂತ್ರಿ?"

"ಲೆಕ್ಕದಿಂದ."

"ಯಾರ ಮಾಡಿದ್ರು ಲೆಕ್ಕಾ?"

"ನಮ್ಮ ಮನ್ಯಾಗ ಮಾಡಿದ್ರು."

ನನ್ನ ಮುಖ ನೋಡಿದರು. ಏನು ಕಂಡಿತೋ. "ಛಲೋ ಅಂಕಿ," ಎಂದರು. "ಖರೆ ಆಗೂ ಅಂಕಿ. ಇದಕ್ಕ ನಾ ಒಪ್ಪಿದೆ. ಆದ್ರ ಉಪಾಸ ಗಿಪಾಸ ಬ್ಯಾಡ್ರಿ, ಸಾವಕಾಶ ಇಳೀಲಿ. ಮೂರು ರೊಟ್ಟಿ ತಿನ್ನಾಕಿ ಎರಡು ತಿನ್ರಿ. ಎರಡು ತಿನ್ನಾಕಿ..."

"ನಾಕು ತಿಂತಿದ್ಲ್ರಿ," ಎಂದಳು ಗುರುಲಿಂಗವ್ವ. "ಎರಡು ತನ್ನವು, ಎರಡು ನನ್ನ ತಮ್ಮನವು."

ಅವಳಿಗೆ ಗೊತ್ತಿತ್ತು. ಎದುರು ಮನೆ. ರೊಟ್ಟಿ ಬಡಿಯುವ ಸದ್ದು ಎಣಿಸುತ್ತಾಳೆ.

೨೦ ಸೆಪ್ಟೆಂಬರ್

ನೂರಾ ಎರಡು. ಕೈ ಇನ್ನೂ ನಾಲ್ಕನ್ನೇ ಬಡಿಯುತ್ತದೆ. ಎರಡನ್ನು ಮುರ್ತುಜಸಾಬನಿಗೆ ಕೊಡುತ್ತೇನೆ. "ನನ್ನ ದಪ್ಪ ಮಾಡಬ್ಯಾಡ್ರಿ ಅಕ್ಕಾರ, ನಾ ಮಗ್ಗದ ಕುಣ್ಯಾಗ ಇಳೀಬೇಕು," ಎನ್ನುತ್ತಾನೆ. ತಿನ್ನುತ್ತಾನೆ.

೧೧ ಅಕ್ಟೋಬರ್

ನೂರು. ಗುರುಲಿಂಗವ್ವ ದಿನಾ ಸಂಜೆ ವಾಕಿಂಗಿಗೆ ಎಳೆಯುತ್ತಾಳೆ, ಮಠದವರೆಗೆ. ದಾರಿಯುದ್ದಕ್ಕೂ ಎಲ್ಲರಿಗೂ ನನ್ನ ತೂಕ ಹೇಳುತ್ತಾಳೆ. ಸರಾಫಕಟ್ಟೆಯಲ್ಲಿ ಬಂಗಾರದ ಧಾರಣೆ ಕೇಳುವ ಹಾಗೆ ಜನ ಕೇಳುತ್ತಾರೆ: "ಇವತ್ತ ಅಕ್ಕೋರದು ಎಷ್ಟೈತಿ?"

೨೭ ಅಕ್ಟೋಬರ್, ದೀಪಾವಳಿ

ತೊಂಬತ್ತೆಂಟು. ಬೆಳಿಗ್ಗೆ ರೊಟ್ಟಿ ಮೂರೇ ಬಡಿದೆ. ಬೇಕೆಂದು ಅಲ್ಲ, ಕೈ ತಾನಾಗಿ ನಿಂತಿತು. ಈಗ ಕೈ ಅರ್ಧ ವಿಧವೆ.

ಹಿತ್ತಲಲ್ಲಿ ಹಸಿರು ಸೀರೆ ಮಗ್ಗಕ್ಕೇರಿದೆ. ನೋಡಲು ಹೋದೆ. ಮುರ್ತುಜಸಾಬ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಕೆಂಪು ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಿದ್ದ. ಸಾವಿರಾರು ಎಳೆ. ಹಗಲೆಲ್ಲ ಕೂತರೂ ಬೆರಳಗಲ. ನೋಡುತ್ತ ಕೂತೆ. ಅವರ ಕಲೆಗೆ ಬೆನ್ನು ಕೊಟ್ಟು. ಕಲೆ ನನ್ನ ಹಿಂದೆ ಪೂರ್ತಿ ಮರೆಯಾಗಿರಬೇಕು.

೨೨ ನವೆಂಬರ್

ತೊಂಬತ್ತೈದು. ನಬಿಸಾಬ ಐದನೆಯ ಕಲ್ಲು ಕೈಗೆತ್ತಿಕೊಂಡ, ಇಡಲಿಲ್ಲ, ಸಣ್ಣ ಕಲ್ಲು ಹುಡುಕಲು ಹೋದ. ನನಗೆ ಖುಷಿಯಾಗಬೇಕಿತ್ತು. ಪಕ್ಕದಲ್ಲಿ ನಿಂತ ಗುರುಲಿಂಗವ್ವನಿಗೆ ಆಯಿತು. ಸಾಕು, ಮನೆಯಲ್ಲಿ ಒಬ್ಬರಿಗಾದರೂ ಆಯಿತಲ್ಲ.

೧೩ ಡಿಸೆಂಬರ್

ತೊಂಬತ್ತೆರಡು. ಎಪ್ಪತ್ತೊಂಬತ್ತರ ಸೀರೆಗೆ ಏಳು ನಿರಿಗೆ ಬಂದವು. ಏಳನೆಯದನ್ನು ಎಲ್ಲಿ ಸಿಗಿಸಬೇಕೋ ತಿಳಿಯಲಿಲ್ಲ. ಅವರು ಇದ್ದಿದ್ದರೆ ಎಣಿಕೆ ತಪ್ಪಿತೆಂದು ಮತ್ತೆ ಲಾಭದಿಂದ ಶುರು ಮಾಡುತ್ತಿದ್ದರು.

ಸೀರೆ ಮಡಚಿ ಕೂತಿದ್ದೆ. ಸಂಜೆಯ ವಾಕಿಂಗಿಗೆ ಹೋಗಲಿಲ್ಲ.

೧೬ ಜನವರಿ ೧೯೮೨. ಬಾಗಲಕೋಟೆ

ಎಂಬತ್ತೊಂಬತ್ತೂವರೆ.

"ಸಂಕ್ರಮಣದ ಹೋಳಿಗಿ ಅದು," ಎಂದೆ. "ಅರ್ಧಾ ಕಿಲೋ."

"ಅರ್ಧಾ ಕಿಲೋ ನಾ ಬಿಟ್ಟೀನಿ," ಎಂದರು ರಾಚಯ್ಯನವರು. "ಹತ್ತೊಂಬತ್ತಕ್ಕ ಅಡ್ಮಿಟ್ ಆಗ್ರಿ. ಇಪ್ಪತ್ತಕ್ಕ ಆಪರೇಶನ್."

೧೯ ಜನವರಿ, ಸಂಜೆ. ಆಸ್ಪತ್ರೆ

ಅಡ್ಮಿಟ್. ಕಬ್ಬಿಣದ ಮಂಚ, ಕಿರ್ ಅನ್ನಲಿಲ್ಲ. ಜೋಹರಾ ಸಿಸ್ಟರ್ ಬಂದು ರಾತ್ರಿ ಎಂಟರ ನಂತರ ಊಟವಿಲ್ಲ, ನೀರೂ ಇಲ್ಲ ಎಂದಳು. ನನಗೇನು, ಹಸಿವೇ ಇಲ್ಲದವಳು. ಗುರುಲಿಂಗವ್ವ ಮಂಚದ ಕೆಳಗೆ ಚಾಪೆ ಹಾಸಿದ್ದಾಳೆ, ಕಾವಲುಗಾರಳಂತೆ.

ಹೊರಡುವಾಗ ಮುರ್ತುಜಸಾಬ ಬಸ್‌ಸ್ಟ್ಯಾಂಡಿಗೆ ಬಂದು ಕಾಗದದ ಪೊಟ್ಟಣ ಕೊಟ್ಟಿದ್ದ. ಹಸಿರು ಸೀರೆ. ಹದಿನೇಳೂವರೆ ಮೊಳ. ಬಿಚ್ಚಿಲ್ಲ.

೨೦ ಜನವರಿ, ಬುಧವಾರ. ಬೆಳಿಗ್ಗೆ ಆರೂವರೆ

ಜೋಹರಾ ಸಿಸ್ಟರ್ ಆಸ್ಪತ್ರೆಯ ಬಿಳಿ ಅಂಗಿ ತಂದಳು. ಹಿಂದೆ ಲಾಡಿ. ಐದು ನಿಮಿಷ ಕೊಡು ತಾಯಿ ಎಂದೆ. "ಒಳಗ ಸೀರಿ ನಡಿಯಂಗಿಲ್ರಿ ಅಕ್ಕಾರ." "ಒಳಗಲ್ಲವ್ವಾ. ಇಲ್ಲೇ. ಉಟ್ಟು ಬಿಚ್ತೇನಿ." ನನ್ನನ್ನು ನೋಡಿದಳು, ಗುರುಲಿಂಗವ್ವನನ್ನು ನೋಡಿದಳು, ಪರದೆ ಎಳೆದು ಹೊರಗೆ ನಿಂತಳು.

ಉಟ್ಟೆ. ಹೊಸ ಸೀರೆ, ಗಂಜಿಯ ವಾಸನೆ. ಸೆರಗು ಹೆಗಲು ದಾಟಿ ಬೆನ್ನಿಗಿಳಿಯಿತು. ಮಂಡಿಯವರೆಗೆ. ಗುರುಲಿಂಗವ್ವ ಕೆಳಗೆ ಕೂತು ನಿರಿಗೆಯ ತುದಿ ಸರಿ ಮಾಡಿದಳು. ಎಣಿಸಲು ಹೊರಟಳು. ಬೇಡ, ನಾನೇ ಎಂದೆ.

ಲಾಭ. ಎರಡು. ಮೂರು. ನಾಲ್ಕು. ಐದು.

ಆರನೆಯದು ಬೆರಳಲ್ಲಿತ್ತು. ಅಂಕಿ ಬಾಯಿಂದ ಬರಲಿಲ್ಲ. ಪರದೆಯ ಸಂದಿಯಲ್ಲಿ ವಾರ್ಡಿನ ಬಾಗಿಲು ಕಾಣುತ್ತಿತ್ತು, ಯಾರೂ ಆತು ನಿಂತಿರಲಿಲ್ಲ. ಹಾಗೇ ನಿಂತೆ. ಗುರುಲಿಂಗವ್ವ ಮುಖ ಎತ್ತಲಿಲ್ಲ. ನಿರಿಗೆಗೆ ಮೆಲ್ಲಗೆ ಹೇಳಿದಳು, "ಆರು." ತನ್ನ ತಮ್ಮನದೇ ದನಿ. ಇಷ್ಟು ವರ್ಷ ಗಮನಿಸಿರಲಿಲ್ಲ.

ಸೀರೆ ಬಿಚ್ಚಿ, ಅಂಗಿ ಹಾಕಿಕೊಂಡು ಕೂತಿದ್ದೇನೆ. ಹೊಟ್ಟೆಯಲ್ಲಿ ಏನೋ ಆಗುತ್ತಿದೆ. ಗಂಟು ಎಂದುಕೊಂಡೆ. ಒತ್ತಿ ನೋಡಿದೆ, ಗಂಟು ಒಳಗೇ ಇದೆ. ಮತ್ತೆ ಆಯಿತು. ಗುರ್ ಎಂದಿತು. ಗುರುಲಿಂಗವ್ವನಿಗೂ ಕೇಳಿಸಿತು.

ಹಸಿವು.

ಎರಡು ವರ್ಷ ಸುದ್ದಿಯಿಲ್ಲದವರು ಇವತ್ತೇ ಬರಬೇಕೆ. ನೀರೂ ಮುಟ್ಟಬಾರದ ದಿನ. ಮುಖ ಒದ್ದೆಯಾಗಿದೆ. ಜೋಹರಾ ಸಿಸ್ಟರ್ ಬಂದವಳು, "ಹೆದರಬ್ಯಾಡ್ರಿ ಅಕ್ಕಾರ," ಎಂದಳು. ಹೆದರಿಕೆ ಅಲ್ಲವ್ವಾ, ಹಸಿವು ಎಂದೆ. ಅವಳು ನಂಬಲಿಲ್ಲ.

ಗಾಲಿಯ ಮಂಚದ ಸದ್ದು ಬರುತ್ತಿದೆ. ಗುರುಲಿಂಗವ್ವ ಪೆನ್ನು ಕೇಳುತ್ತಿದ್ದಾಳೆ, ಕೊಡು ಬಸವ್ವಾ ಸಾಕು ಎನ್ನುತ್ತಿದ್ದಾಳೆ. ಅವಳಿಗೆ ಹೇಳಿದೆ: ನಾ ಎದ್ದ ಮ್ಯಾಲ ಡಾಕ್ಟರು ಹೂಂ ಅಂದ ದಿನಾ, ಬಿಸಿ ರೊಟ್ಟಿ ಬಡಿ. ಶೇಂಗಾ ಚಟ್ನಿ, ಮೊಸರು. ರೊಟ್ಟಿ ನಾಕು — ಅಲ್ಲ, ಎರ